ರೈಲ್ಯಾಂಡ್ಸ್ ಪಪೈರಸ್ 52

ಯೋಹಾನನ ಸುವಾರ್ತೆಯ ಕೆಲವು ಸಾಲುಗಳಿರುವ, ಗ್ರೀಕ್ ಭಾಷೆಯ ಪಪೈರಸ್ ತುಣುಕು. ಈಜಿಪ್ಟಿನಲ್ಲಿ ದೊರೆತ ಇದು ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿದೆ. ಆ ಗ್ರಂಥಾಲಯದ ಪಟ್ಟಿಯಲ್ಲಿ ಇದರ ಹೆಸರು ಗ್ರೀಕ್ ಪಪೈರಸ್ 457. ಹೊಸ ಒಡಂಬಡಿಕೆಯ ಹಸ್ತಪ್ರತಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕೆ 52ನೆಯ ಪಪೈರಸ್ ಎಂಬ ಸ್ಥಾನ ಸಿಕ್ಕಿದ್ದು, ವಿದ್ವಾಂಸರು ಚಿಕ್ಕದಾಗಿ ಪಿ52 ಎನ್ನುತ್ತಾರೆ. ಎತ್ತರ 8.9 ಸೆಂ.ಮೀ., ಅಗಲ ಹೆಚ್ಚೆಂದರೆ 6 ಸೆಂ.ಮೀ. ಎರಡೂ ಮುಖಗಳಲ್ಲಿ ಏಳೇಳು ಸಾಲುಗಳ ಭಾಗಗಳು ಉಳಿದಿವೆ. ಒಂದು ಮುಖದಲ್ಲಿ ಸುವಾರ್ತೆಯ 18ನೆಯ ಅಧ್ಯಾಯದ 31ರಿಂದ 33ರವರೆಗಿನ ವಚನಗಳ, ಇನ್ನೊಂದರಲ್ಲಿ 37 ಮತ್ತು 38ನೆಯ ವಚನಗಳ ಚೂರುಗಳಿವೆ. 1935ರಲ್ಲಿ ಕಾಲಿನ್ ಎಚ್. ರಾಬರ್ಟ್ಸ್ ಇದನ್ನು ಪ್ರಕಟಿಸಿ, ಬರವಣಿಗೆ ಕ್ರಿ.ಶ. 2ನೆಯ ಶತಮಾನದ ಪೂರ್ವಾರ್ಧದ್ದು ಎಂದು ನಿರ್ಣಯಿಸಿದ. ಅಂದಿನಿಂದ ಹೊಸ ಒಡಂಬಡಿಕೆಯ ಉಳಿದಿರುವ ಹಸ್ತಪ್ರತಿಗಳಲ್ಲೆಲ್ಲ ಹಳೆಯದು ಇದೇ ಎಂಬ ಹೆಸರು ಇದಕ್ಕೆ ಅಂಟಿಕೊಂಡಿದೆ. ಆ ನಿರ್ಣಯವನ್ನು ಈಚಿನ ವಿದ್ವಾಂಸರು ಸಡಿಲಿಸಿದ್ದಾರೆ. ಆದರೂ ಆರಂಭಕಾಲದ ಕ್ರೈಸ್ತರು ತಮ್ಮ ಗ್ರಂಥಗಳನ್ನು ಹೇಗೆ ಬರೆದುಕೊಂಡರು, ಹೇಗೆ ಓದಿದರು ಎಂಬುದಕ್ಕೆ ಕೈಗೆ ಸಿಗುವ ಸಾಕ್ಷ್ಯಗಳಲ್ಲಿ ಇದು ಮೊದಲ ಸಾಲಿನದು.

ಪಪೈರಸ್ ಎಂಬ ಬರಹದ ಹಾಳೆ

ನೈಲ್ ನದಿಯ ಜೌಗಿನಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ಜೊಂಡಿನ ಜಾತಿಯ ಗಿಡ ಪಪೈರಸ್. ಇದರ ಮುಮ್ಮೂಲೆಯ ಕಾಂಡದ ಹಸಿರು ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳನ್ನು ಉದ್ದುದ್ದಕ್ಕೆ ತೆಳುವಾಗಿ ಸೀಳಿ, ಆ ಪಟ್ಟಿಗಳನ್ನು ಒತ್ತೊತ್ತಾಗಿ ಹಾಸುತ್ತಿದ್ದರು. ಅದರ ಮೇಲೆ ಇನ್ನೊಂದು ಪದರವನ್ನು ಅಡ್ಡಲಾಗಿ ಹಾಸಿ ಒತ್ತಿದರೆ ಎರಡೂ ಪದರಗಳು ಗಿಡದ ರಸದಿಂದಲೇ ಬೆಸೆದುಕೊಳ್ಳುತ್ತಿದ್ದವು. ಒಣಗಿಸಿ ಉಜ್ಜಿ ನುಣುಪು ಮಾಡಿದ ಮೇಲೆ ಹಾಳೆ ಬರೆಯಲು ಸಿದ್ಧ. ಒಂದು ಮುಖದಲ್ಲಿ ನಾರು ಅಡ್ಡಕ್ಕೂ ಮತ್ತೊಂದರಲ್ಲಿ ಉದ್ದಕ್ಕೂ ಓಡುವುದರಿಂದ, ಹರಿದ ಚೂರುಗಳು ಒಂದೇ ಹಾಳೆಗೆ ಸೇರಿದವೇ ಅಲ್ಲವೇ ಎಂಬುದನ್ನು ಇಂದಿಗೂ ನಾರಿನ ಜಾಡು ಹಿಡಿದು ತಿಳಿಯುತ್ತಾರೆ. ಜೊಂಡಿನ ಲೇಖನಿ, ದೀಪದ ಕಾಡಿಗೆ ಮತ್ತು ಅಂಟು ಸೇರಿಸಿ ಮಾಡಿದ ಕಪ್ಪು ಶಾಯಿ ಬರಹಗಾರನ ಸಾಮಗ್ರಿ. ಇಂಗಾಲದ ಈ ಶಾಯಿ ಸುಲಭವಾಗಿ ಮಾಸುವುದಿಲ್ಲ.

ಹಾಳೆಗಳನ್ನು ಅಂಚಿಗೆ ಅಂಚು ಅಂಟಿಸಿ ಸುರುಳಿ ಮಾಡುವುದು ಗ್ರೀಕ್ ಜಗತ್ತಿನ ಹಳೆಯ ರೂಢಿ. ಹೋಮರನ ಕಾವ್ಯವಾಗಲಿ ಪ್ಲೇಟೋನ ಸಂವಾದವಾಗಲಿ 2ನೆಯ ಶತಮಾನದ ಓದುಗನಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಸುರುಳಿಯಲ್ಲೇ. ಹಾಳೆಗಳನ್ನು ನಡುವೆ ಮಡಿಸಿ, ಒಟ್ಟಿಗೆ ಹೊಲಿದು, ಎರಡೂ ಬದಿಯಲ್ಲಿ ಬರೆಯುವ ಇನ್ನೊಂದು ಕ್ರಮವೂ ಇತ್ತು. ಇಂದಿನ ಪುಸ್ತಕದ ಪೂರ್ವರೂಪವಾದ ಇದಕ್ಕೆ ಕೋಡೆಕ್ಸ್ ಎಂದು ಹೆಸರು. ಪಿ52 ಅಂಥ ಕೋಡೆಕ್ಸೊಂದರ ಹಾಳೆಯ ಮೂಲೆ.

ಪಪೈರಸ್‌ನ ದೊಡ್ಡ ಶತ್ರು ತೇವ. ಅಲೆಕ್ಸಾಂಡ್ರಿಯದಂಥ ವಿದ್ಯಾಕೇಂದ್ರವಿದ್ದ ನೈಲ್ ಮುಖಜಭೂಮಿಯಲ್ಲಿ ಹಸ್ತಪ್ರತಿಗಳು ಬಹುಮಟ್ಟಿಗೆ ಕೊಳೆತುಹೋದವು. ಅಂತಿಯೋಕ್ಯ, ಎಫೆಸ, ರೋಮ್‌ಗಳ ಕ್ರೈಸ್ತ ಸಭೆಗಳು ಓದಿದ ಪಪೈರಸ್ ಪ್ರತಿಗಳೂ ಅಲ್ಲಿನ ಮಣ್ಣಿನಲ್ಲಿ ಉಳಿಯಲಿಲ್ಲ. ಮಳೆ ಕಾಣದ ನಡು ಮತ್ತು ಮೇಲಣ ಈಜಿಪ್ಟಿನ ಮರಳು, ಊರ ಹೊರಗಿನ ಕಸದ ದಿಬ್ಬಗಳು ಮಾತ್ರ ಅವನ್ನು ಕಾಪಾಡಿದವು. ಆದ್ದರಿಂದ ಹೊಸ ಒಡಂಬಡಿಕೆಯ ಆರಂಭಕಾಲದ ಪ್ರತಿಗಳು ಹೆಚ್ಚುಕಡಿಮೆ ಎಲ್ಲವೂ ಈಜಿಪ್ಟಿನಿಂದಲೇ ಬಂದಿರುವುದು ಅಲ್ಲಿನ ಕ್ರೈಸ್ತರ ಸಂಖ್ಯೆಯನ್ನು ತೋರಿಸುವುದಿಲ್ಲ, ಅಲ್ಲಿನ ಹವೆಯನ್ನು ತೋರಿಸುತ್ತದೆ.

ದೊರೆತ ಬಗೆ

ತುಣುಕನ್ನು 1920ರಲ್ಲಿ ಈಜಿಪ್ಟಿನ ಪುರಾತನ ವಸ್ತುಗಳ ಮಾರುಕಟ್ಟೆಯಲ್ಲಿ ಕೊಂಡವನು ಆಕ್ಸ್‌ಫರ್ಡಿನ ಪಪೈರಸ್ ತಜ್ಞ ಬರ್ನಾರ್ಡ್ ಗ್ರೆನ್‌ಫೆಲ್. ಈತ ಗೆಳೆಯ ಆರ್ಥರ್ ಹಂಟ್ ಜೊತೆ 1896–97ರಲ್ಲಿ ಕೈರೋದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರದ ಆಕ್ಸಿರಿಂಕಸ್ ಪಟ್ಟಣದ ಕಸದ ದಿಬ್ಬಗಳನ್ನು ಅಗೆಯಲು ತೊಡಗಿದ್ದ. 1903ರಿಂದ 1907ರವರೆಗೆ ಅಲ್ಲಿ ಮತ್ತೆ ಉತ್ಖನನ ನಡೆಯಿತು. ಲೆಕ್ಕಪತ್ರ, ಅರ್ಜಿ, ಮನೆಯ ಕಾಗದ, ನಾಟಕ, ಕಾವ್ಯ, ಧರ್ಮಗ್ರಂಥ ಎಲ್ಲವೂ ಕಲೆತ ಲಕ್ಷಾಂತರ ಚೂರುಗಳು ಅಲ್ಲಿಂದ ಹೊರಬಂದವು. ಕನ್ನಡ ಓದುಗರಿಗೂ ಈ ದಿಬ್ಬಗಳ ನಂಟಿದೆ. ಭಾರತದ ಕರಾವಳಿಯಲ್ಲಿ ನಡೆಯುವ ಗ್ರೀಕ್ ಪ್ರಹಸನವೊಂದು ಇಲ್ಲೇ ಸಿಕ್ಕಿ, ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಅದನ್ನು 413ನೆಯ ಆಕ್ಸಿರಿಂಕಸ್ ಪಪೈರಸ್ ಎಂದು ಪ್ರಕಟಿಸಿದರು. ಅದರಲ್ಲಿ ಬರುವ ಗ್ರೀಕೇತರ ಮಾತುಗಳು ಕನ್ನಡದವು ಎಂದು 1904ರಲ್ಲಿ ಹುಲ್ಟ್ಸ್ ವಾದಿಸಿದ. ಎಂ. ಗೋವಿಂದ ಪೈ ಅವರೂ ಆ ಚರ್ಚೆಯನ್ನು ಮುಂದುವರಿಸಿದರು. ಆ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ.

ಪಿ52 ಮಾತ್ರ ಉತ್ಖನನದಲ್ಲಿ ಸಿಕ್ಕಿದ್ದಲ್ಲ. ವ್ಯಾಪಾರಿಗಳ ಕೈಯಿಂದ ಬಂದದ್ದರಿಂದ ಅದು ಯಾವ ಊರಿನದು ಎಂಬುದಕ್ಕೆ ನೇರ ಆಧಾರವಿಲ್ಲ. ಜೊತೆಗೆ ಬಂದ ಪಪೈರಸ್‌ಗಳನ್ನು ನೋಡಿ ಆಕ್ಸಿರಿಂಕಸ್ ಇಲ್ಲವೇ ಫಯೂಮ್ ಪ್ರದೇಶದ್ದಿರಬೇಕೆಂದು ರಾಬರ್ಟ್ಸ್ ಊಹಿಸಿದ. ಮಣ್ಣಿನ ಯಾವ ಪದರದಲ್ಲಿ, ಯಾವ ನಾಣ್ಯ ಅಥವಾ ಮಡಕೆಯ ಜೊತೆ ಇತ್ತು ಎಂಬುದು ಗೊತ್ತಿದ್ದರೆ ಕಾಲನಿರ್ಣಯಕ್ಕೆ ಹೊರಗಿನ ಆಸರೆಯೊಂದು ಸಿಗುತ್ತಿತ್ತು. ಆ ಆಸರೆ ತಪ್ಪಿದ್ದರಿಂದಲೇ ಮುಂದಿನ ಎಲ್ಲ ಚರ್ಚೆ ಅಕ್ಷರಗಳ ಆಕಾರದ ಮೇಲೆ ನಿಲ್ಲಬೇಕಾಯಿತು.

ಇದನ್ನು ಇರಿಸಿಕೊಂಡ ಗ್ರಂಥಾಲಯವನ್ನು ಎನ್ರಿಕೆಟಾ ರೈಲ್ಯಾಂಡ್ಸ್ ತನ್ನ ಗಂಡ, ಹತ್ತಿ ಗಿರಣಿಗಳ ಒಡೆಯ ಜಾನ್ ರೈಲ್ಯಾಂಡ್ಸ್‌ನ ನೆನಪಿಗೆ ಕಟ್ಟಿಸಿದಳು. 1900ರಲ್ಲಿ ಇದು ಓದುಗರಿಗೆ ತೆರೆಯಿತು. 1901ರಲ್ಲಿ ಕ್ರಾಫರ್ಡ್ ಅರ್ಲ್ ಮನೆತನದ ಹಸ್ತಪ್ರತಿ ಸಂಗ್ರಹವನ್ನೂ ಆಕೆ ಕೊಂಡು ಸೇರಿಸಿದಳು. 1972ರಲ್ಲಿ ಗ್ರಂಥಾಲಯ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯದೊಡನೆ ಒಂದಾಯಿತು.

ಗುರುತಿಸುವಿಕೆ ಮತ್ತು ಪ್ರಕಟಣೆ

ಗ್ರೆನ್‌ಫೆಲ್ 1926ರಲ್ಲಿ, ಹಂಟ್ 1934ರಲ್ಲಿ ತೀರಿಕೊಂಡರು. ರೈಲ್ಯಾಂಡ್ಸ್ ಪಪೈರಸ್‌ಗಳ ಪಟ್ಟಿ ಮಾಡುವ ಕೆಲಸ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜಿನ ತರುಣ ವಿದ್ವಾಂಸ ಕಾಲಿನ್ ರಾಬರ್ಟ್ಸ್ (1909–1990) ಪಾಲಿಗೆ ಬಂತು. ಪ್ರಕಟವಾಗದೆ ಉಳಿದಿದ್ದ ಚೂರುಗಳನ್ನು ನೋಡುತ್ತಿದ್ದಾಗ ಈ ತುಣುಕಿನ ಸಾಲುಗಳು ಯೋಹಾನನ ಸುವಾರ್ತೆಯವೆಂದು ಅವನಿಗೆ ಹೊಳೆಯಿತು. 1935ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಮುದ್ರಣಾಲಯ ಅವನ ಕಿರುಹೊತ್ತಿಗೆಯನ್ನು ಹೊರತಂದಿತು. ರೈಲ್ಯಾಂಡ್ಸ್ ಗ್ರೀಕ್ ಪಪೈರಸ್‌ಗಳ ಮೂರನೆಯ ಸಂಪುಟ 1938ರಲ್ಲಿ ಬಂದಾಗ ತುಣುಕು 457ನೆಯ ಸಂಖ್ಯೆಯಲ್ಲಿ ಸೇರಿತು.

ಕಾಲದ ಬಗ್ಗೆ ರಾಬರ್ಟ್ಸ್ ತನ್ನೊಬ್ಬನ ಅಭಿಪ್ರಾಯವನ್ನೇ ನೆಚ್ಚಲಿಲ್ಲ. ಫ್ರೆಡರಿಕ್ ಕೆನ್ಯನ್, ಹೆರಾಲ್ಡ್ ಇದ್ರಿಸ್ ಬೆಲ್, ಬರ್ಲಿನ್ನಿನ ವಿಲ್ಹೆಲ್ಮ್ ಶುಬಾರ್ಟ್ ಇವರಿಗೆ ತುಣುಕನ್ನು ತೋರಿಸಿ ಅವರ ಮಾತು ಕೇಳಿದ. ಆ ತಲೆಮಾರಿನ ಮೇಲುಪಂಕ್ತಿಯ ಈ ತಜ್ಞರು 2ನೆಯ ಶತಮಾನದ ಪೂರ್ವಾರ್ಧವೆಂಬ ನಿರ್ಣಯವನ್ನು ಒಪ್ಪಿದರು. ಜರ್ಮನಿಯ ಅಡಾಲ್ಫ್ ಡೈಸ್‌ಮಾನ್ ಇನ್ನೂ ಮುಂದೆ ಹೋಗಿ, ಬರವಣಿಗೆ ಚಕ್ರವರ್ತಿ ಹೇಡ್ರಿಯನ್ನನ ಆಳ್ವಿಕೆಯದು (117–138), ಅದಕ್ಕೂ ಹಿಂದಿನದಿದ್ದರೂ ಇರಬಹುದು ಎಂದ. ಈ ಅಭಿಪ್ರಾಯಗಳು ಜನಪ್ರಿಯ ಪುಸ್ತಕಗಳಿಗೆ ಇಳಿಯುವಷ್ಟರಲ್ಲಿ ‘ಸುಮಾರು 125’ ಎಂಬ ಒಂದೇ ಸಂಖ್ಯೆಯಾಗಿ ಗಟ್ಟಿಗೊಂಡವು.

ಉಳಿದಿರುವ ಸಾಲುಗಳು

ಎರಡೂ ಮುಖಗಳು ಸೇರಿ ಓದಲಾಗುವ ಅಕ್ಷರಗಳು ಸುಮಾರು 114. ಗ್ರೀಕ್ ವರ್ಣಮಾಲೆಯ 24 ಅಕ್ಷರಗಳಲ್ಲಿ 18 ಇಲ್ಲಿ ಕಾಣುತ್ತವೆ. ಯೇಸುವಿನ ವಿಚಾರಣೆಯ ಪ್ರಸಂಗವೇ ಎರಡೂ ಕಡೆಯ ವಸ್ತು. ಮುಂಬದಿಯಲ್ಲಿ, ಮರಣದಂಡನೆ ವಿಧಿಸುವ ಅಧಿಕಾರ ತಮಗಿಲ್ಲವೆಂದು ಯೆಹೂದ್ಯರು ರೋಮನ್ ಅಧಿಪತಿ ಪಿಲಾತನಿಗೆ ಹೇಳುವ ಮಾತಿನ ಚೂರಿದೆ. ತಾನು ಎಂಥ ಸಾವನ್ನು ಹೊಂದಲಿರುವೆನೆಂದು ಯೇಸು ಮೊದಲೇ ಸೂಚಿಸಿದ್ದು, ಪಿಲಾತ ಮತ್ತೆ ಅರಮನೆಯೊಳಗೆ ಹೋಗಿ ಯೇಸುವನ್ನು ಕರೆದು, ನೀನು ಯೆಹೂದ್ಯರ ಅರಸನೋ ಎಂದು ವಿಚಾರಿಸುವುದು ಅದರ ಮುಂದಿನ ಭಾಗ. ಹಿಂಬದಿಯಲ್ಲಿ, ಸತ್ಯಕ್ಕೆ ಸಾಕ್ಷಿಯಾಗಲೆಂದೇ ತಾನು ಹುಟ್ಟಿದ್ದೆಂಬ ಯೇಸುವಿನ ಉತ್ತರ, ಸತ್ಯವೆಂದರೇನು ಎಂಬ ಪಿಲಾತನ ಮರುಪ್ರಶ್ನೆ, ಆತ ಹೊರಗೆ ಬಂದು ಈತನಲ್ಲಿ ಅಪರಾಧ ಕಾಣಲಿಲ್ಲವೆಂದು ಹೇಳುವುದು ಇವುಗಳ ಅವಶೇಷಗಳಿವೆ.

ಮುಂಬದಿಯಲ್ಲಿ ಸಾಲುಗಳ ಆರಂಭ ಉಳಿದಿದೆ, ಹಿಂಬದಿಯಲ್ಲಿ ಸಾಲುಗಳ ಕೊನೆ. ಮುಂಬದಿಯ ಎರಡನೆಯ ಸಾಲು ಗ್ರೀಕಿನಲ್ಲಿ ‘ಯಾರನ್ನೂ’ ಎಂಬ ಅರ್ಥದ ಪದದಿಂದ ಶುರುವಾಗಿ, ‘ಮಾತು’ ಎಂಬ ಅರ್ಥದ ಲೊಗೊಸ್ ಪದದ ಮೊದಲಕ್ಷರದಲ್ಲಿ ಹರಿದುಹೋಗುತ್ತದೆ. ಐದನೆಯ ಸಾಲಿನಲ್ಲಿ ಪಿಲಾತನ ಹೆಸರಿನ ಮೊದಲಕ್ಷರ ಮಾತ್ರ ಇದೆ. ಹಿಂಬದಿಯ ಮೂರನೆಯ ಸಾಲಿನ ಕೊನೆಯಲ್ಲಿ ‘ಸತ್ಯ’ ಎಂಬ ಪದದ ಬಹುಭಾಗ ಸ್ಪಷ್ಟವಾಗಿದೆ. ನಾಲ್ಕನೆಯ ಸಾಲಿನ ಕೊನೆಯಲ್ಲಿ ‘ಅವನಿಗೆ ಹೇಳುತ್ತಾನೆ’ ಎಂಬಷ್ಟು ಉಳಿದು, ಸತ್ಯವನ್ನು ಕುರಿತು ಪಿಲಾತ ಕೇಳಿದ ಹೆಸರಾಂತ ಪ್ರಶ್ನೆ ಐದನೆಯ ಸಾಲಿನ ಕಳೆದುಹೋದ ಭಾಗದಲ್ಲಿ ಹೋಗಿದೆ. ಕೊನೆಯ ಸಾಲಿನಲ್ಲಿ ನಿಂತಿರುವುದು ಎರಡೇ ಅಕ್ಷರ. ಅವು ‘ಯಾವುದೂ ಇಲ್ಲ’ ಎಂಬ ಪದಕ್ಕೆ ಸೇರಿದವು.

ಹಾಳೆಯನ್ನು ಮತ್ತೆ ಕಟ್ಟುವ ಬಗೆ

ಇಷ್ಟು ಚಿಕ್ಕ ಚೂರಿನಿಂದ ಇಡೀ ಪುಸ್ತಕದ ಅಳತೆ ಹೇಳಬಹುದೇ ಎಂಬ ಪ್ರಶ್ನೆಗೆ ರಾಬರ್ಟ್ಸ್ ಕೊಟ್ಟ ಉತ್ತರ ಪಪೈರಸ್ ವಿದ್ಯೆಯ ಒಳ್ಳೆಯ ಮಾದರಿ. ತುಣುಕಿನ ಮೇಲುಗಡೆ ಬರಹವಿಲ್ಲದ ಅಂಚು ಉಳಿದಿದೆ. ಆದ್ದರಿಂದ ಎರಡೂ ಮುಖಗಳ ಮೊದಲ ಸಾಲು ಆಯಾ ಪುಟದ ಮೊದಲ ಸಾಲೇ. ಉಳಿದ ಅಕ್ಷರಗಳ ಸುತ್ತ ಸುವಾರ್ತೆಯ ಪಠ್ಯವನ್ನು ತುಂಬಿ ನೋಡಿದರೆ ಒಂದು ಸಾಲಿಗೆ 30ರ ಆಸುಪಾಸಿನ ಅಕ್ಷರಗಳು ಬರುತ್ತವೆ. ಮುಂಬದಿಯ ಏಳನೆಯ ಸಾಲು ಮುಗಿಯುವ ಜಾಗದಿಂದ ಹಿಂಬದಿಯ ಮೊದಲ ಸಾಲು ಆರಂಭವಾಗುವವರೆಗೆ ನಡುವೆ ಇರಬೇಕಾದ ಪಠ್ಯಕ್ಕೆ ಇದೇ ಅಳತೆಯಲ್ಲಿ 11 ಸಾಲು ಬೇಕು. ಏಳಕ್ಕೆ ಹನ್ನೊಂದು ಕೂಡಿಸಿದರೆ ಪುಟಕ್ಕೆ 18 ಸಾಲು. ಪುಟದ ಅಳತೆ ಸುಮಾರು 21 ಸೆಂ.ಮೀ. ಎತ್ತರ, 20 ಸೆಂ.ಮೀ. ಅಗಲ, ಅಂದರೆ ಬಹುಮಟ್ಟಿಗೆ ಚೌಕ. ಈ ಲೆಕ್ಕದಲ್ಲಿ ಯೋಹಾನನ ಸುವಾರ್ತೆಯೊಂದಕ್ಕೇ ಸುಮಾರು 130 ಪುಟ ಹಿಡಿಯುತ್ತಿತ್ತು.

ಇದೇ ಲೆಕ್ಕದಿಂದ ಲಿಪಿಕಾರನ ಕೈತಪ್ಪೊಂದೂ ಬೆಳಕಿಗೆ ಬರುತ್ತದೆ. 37ನೆಯ ವಚನದಲ್ಲಿ ‘ಇದಕ್ಕಾಗಿ’ ಎಂಬ ಅರ್ಥದ ಎರಡು ಪದಗಳ ಜೋಡಿ ಎರಡು ಸಲ ಬರುತ್ತದೆ. ಎರಡನೆಯದನ್ನೂ ಸೇರಿಸಿದರೆ ಹಿಂಬದಿಯ ಎರಡನೆಯ ಸಾಲು 38 ಅಕ್ಷರಗಳಿಗೆ ಉಬ್ಬುತ್ತದೆ. ಬಿಟ್ಟರೆ 30ಕ್ಕೆ ಇಳಿದು ಉಳಿದ ಸಾಲುಗಳಿಗೆ ಸರಿಹೊಂದುತ್ತದೆ. ಮಾತೃಕೆ ನೋಡಿ ಬರೆಯುವಾಗ ಒಂದೇ ಬಗೆಯ ಪದಗಳ ನಡುವೆ ಕಣ್ಣು ಜಾರಿ ಎರಡನೆಯ ಜೋಡಿ ತಪ್ಪಿತೆಂಬುದು ಇದಕ್ಕೆ ಸಹಜವಾದ ವಿವರಣೆ. ಕಾಣದ ಅಕ್ಷರಗಳ ಬಗ್ಗೆ ಹೀಗೆ ಲೆಕ್ಕ ಹಾಕುವುದು ಊಹೆಯೇ ಆದರೂ, ಯಾರು ಬೇಕಾದರೂ ಎಣಿಸಿ ಪರೀಕ್ಷಿಸಬಹುದಾದ ಊಹೆ.

ಕೈಬರಹ

ಲಿಪಿಕಾರನ ಅಕ್ಷರಗಳು ದುಂಡಗೆ, ಬಿಡಿಬಿಡಿಯಾಗಿವೆ. ಕಲಾವಂತಿಕೆಯ ಬರಹವಲ್ಲ, ಆದರೆ ಗಮನವಿಟ್ಟು ಬರೆದದ್ದು. ಒಂದೇ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆದಿರುವುದೂ ಉಂಟು. ಕಚೇರಿಯ ದಾಖಲೆ, ಪತ್ರಗಳನ್ನು ಬರೆದು ಪಳಗಿದ ಕೈ ಗ್ರಂಥಕ್ಕೆಂದು ತಿದ್ದಿಕೊಂಡು ಬರೆದ ಹಾಗಿದೆ ಎಂದು ತಜ್ಞರು ಹೇಳುತ್ತಾರೆ. ಆ ಕಾಲದ ಗ್ರೀಕ್ ಸಾಹಿತ್ಯದ ಪ್ರತಿಗಳಲ್ಲಿ ಪದಗಳ ನಡುವೆ ಜಾಗ ಬಿಡುವ ವಾಡಿಕೆ ಇರಲಿಲ್ಲ. ಇಲ್ಲಿ ಕೆಲವೆಡೆ ಪದಗಳ ನಡುವೆ ಸ್ವಲ್ಪ ಅಂತರ ಕಾಣುತ್ತದೆ. ಪದಾರಂಭದ ಇಯೋಟ ಅಕ್ಷರದ ತಲೆಯ ಮೇಲೆ ಎರಡು ಚುಕ್ಕೆಗಳನ್ನೂ ಇಟ್ಟಿದ್ದಾನೆ. ಇವು ಗಟ್ಟಿಯಾಗಿ ಓದುವವನಿಗೆ ನೆರವಾಗುವ ಗುರುತುಗಳು. ಅಕ್ಷರ ಬಲ್ಲವರು ಕಡಿಮೆಯಿದ್ದ ಆ ಕಾಲದಲ್ಲಿ ಸುವಾರ್ತೆಯನ್ನು ಒಬ್ಬ ಓದಿ ಸಭೆ ಕೇಳುತ್ತಿತ್ತು. ಪ್ರತಿಯನ್ನು ಅದಕ್ಕೆ ತಕ್ಕಂತೆ ಸಿದ್ಧಪಡಿಸಿದಂತಿದೆ. ಕೆಲವು ಪದಗಳಲ್ಲಿ ‘ಇ’ ಧ್ವನಿಯ ಕಾಗುಣಿತ ಅದಲುಬದಲಾಗಿರುವುದು ಅಂದಿನ ಉಚ್ಚಾರಣೆ ಬರಹಕ್ಕೆ ನುಸುಳಿದ್ದರ ಫಲ. ಆ ಕಾಲದ ಪಪೈರಸ್‌ಗಳಲ್ಲಿ ಇದು ಎಲ್ಲೆಲ್ಲೂ ಕಾಣುವ ಸಂಗತಿ.

ದೇವರು, ಯೇಸು, ಕ್ರಿಸ್ತ, ಪ್ರಭು ಮುಂತಾದ ಪದಗಳನ್ನು ಪೂರ್ತಿ ಬರೆಯದೆ, ಎರಡು ಮೂರು ಅಕ್ಷರಗಳಿಗೆ ಇಳಿಸಿ, ಮೇಲೆ ಗೆರೆ ಎಳೆಯುವುದು ಆರಂಭಕಾಲದ ಕ್ರೈಸ್ತ ಪ್ರತಿಗಳ ಒಂದು ಲಕ್ಷಣ. ಇವುಗಳಿಗೆ ಪವಿತ್ರನಾಮಗಳೆಂದು ಹೆಸರು. ಪಿ52ರ ಮುಂಬದಿಯಲ್ಲಿ ಯೇಸುವಿನ ಹೆಸರು ಎರಡು ಕಡೆ ಬರಬೇಕು. ಎರಡೂ ಕಡೆ ಪಪೈರಸ್ ಹರಿದಿದೆ. ಸಾಲಿನ ಉದ್ದ ನೋಡಿದರೆ ಹೆಸರನ್ನು ಪೂರ್ತಿಯಾಗಿ ಬರೆದಿರಬೇಕೆಂದು ರಾಬರ್ಟ್ಸ್ ತಿಳಿದಿದ್ದ. 2001ರಲ್ಲಿ ಕ್ರಿಸ್ಟೋಫರ್ ಟಕೆಟ್ ಅದೇ ನಿಲುವನ್ನು ಬಲಪಡಿಸಿದ. ಚಾರ್ಲ್ಸ್ ಹಿಲ್ ಮತ್ತು ಲ್ಯಾರಿ ಹುರ್ಟಾಡೊ, ಸಾಲುಗಳ ಉದ್ದ ಒಂದೇ ಸಮ ಇಲ್ಲದ್ದರಿಂದ ಸಂಕ್ಷೇಪವೂ ಅಲ್ಲಿ ಕೂರಬಲ್ಲದೆಂದು ತೋರಿಸಿದರು. ಇದು ಮೂರು ನಾಲ್ಕು ಅಕ್ಷರಗಳ ಜಾಗದ ಪ್ರಶ್ನೆ. ಆದರೆ ಆ ಸಂಪ್ರದಾಯ ಎಷ್ಟು ಬೇಗ, ಎಷ್ಟು ವ್ಯಾಪಕವಾಗಿ ನೆಲೆಯೂರಿತು ಎಂಬ ದೊಡ್ಡ ಪ್ರಶ್ನೆಗೆ ಅದು ತಳುಕು ಹಾಕಿಕೊಂಡಿದೆ.

ಕಾಲನಿರ್ಣಯ

ಈಜಿಪ್ಟಿನ ಸರ್ಕಾರಿ ಪತ್ರ, ಅರ್ಜಿ, ರಸೀದಿಗಳಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷ ನಮೂದಾಗಿರುತ್ತಿತ್ತು. ಗ್ರಂಥಗಳ ಪ್ರತಿಗಳಲ್ಲಿ ತಾರೀಖು ಹಾಕುವ ರೂಢಿ ಇರಲಿಲ್ಲ. ಹೀಗಾಗಿ ತಾರೀಖಿಲ್ಲದ ಗ್ರಂಥದ ಅಕ್ಷರಗಳನ್ನು ತಾರೀಖುಳ್ಳ ದಾಖಲೆಗಳ ಅಕ್ಷರಗಳ ಪಕ್ಕದಲ್ಲಿಟ್ಟು ಹೋಲಿಸುವುದು ಲಿಪಿಶಾಸ್ತ್ರದ ದಾರಿ. ರಾಬರ್ಟ್ಸ್ ಹೋಲಿಕೆಗೆ ತೆಗೆದುಕೊಂಡವುಗಳಲ್ಲಿ ಫಯೂಮ್‌ನಲ್ಲಿ ದೊರೆತ ಕ್ರಿ.ಶ. 94ರ ಪತ್ರ, 127ರ ಅರ್ಜಿಯೊಂದು ಮುಖ್ಯವಾದವು. ಎಗರ್ಟನ್ ಪಪೈರಸ್ 2 ಎಂಬ, ಯೇಸುವನ್ನು ಕುರಿತ ಬೇರೊಂದು ಬರಹದ ಚೂರುಗಳನ್ನು ಬೆಲ್ ಮತ್ತು ಟಿ. ಸಿ. ಸ್ಕೀಟ್ ಅದೇ 1935ರಲ್ಲಿ ಪ್ರಕಟಿಸಿ, 2ನೆಯ ಶತಮಾನದ ನಡುವಿನದೆಂದು ಹೇಳಿದ್ದರು. ಪಿ52ಕ್ಕೆ ಅದರ ಹೋಲಿಕೆ ಹತ್ತಿರದ್ದು.

ಈ ಆಧಾರಗಳು ಮುಂದೆ ಒಂದೊಂದಾಗಿ ಅಲುಗಿದವು. 1987ರಲ್ಲಿ ಜರ್ಮನಿಯ ಕಲೋನ್ ಸಂಗ್ರಹದಲ್ಲಿ ಎಗರ್ಟನ್ ಪಪೈರಸ್‌ಗೆ ಸೇರಿದ ಇನ್ನೊಂದು ಚೂರನ್ನು ಮಿಖಾಯೆಲ್ ಗ್ರೋನೆವಾಲ್ಡ್ ಪ್ರಕಟಿಸಿದ. ಅದರಲ್ಲಿ ಎರಡು ವ್ಯಂಜನಗಳ ನಡುವೆ ಕೊಕ್ಕೆಯಂಥ ಗುರುತಿತ್ತು. ಆ ಗುರುತು 3ನೆಯ ಶತಮಾನದ ಆರಂಭದಲ್ಲಿ ಹೆಚ್ಚಾಗಿ ಬಳಕೆಗೆ ಬಂದದ್ದರಿಂದ ಎಗರ್ಟನ್ ಪಪೈರಸ್‌ನ ಕಾಲ ಸುಮಾರು 200ಕ್ಕೆ ಸರಿಯಿತು. ಅದರ ಆಸರೆ ಪಡೆದಿದ್ದ ಪಿ52ರ ಕಾಲವೂ ಸಡಿಲಗೊಂಡಿತು. 1989ರಲ್ಲಿ ಆಂಡ್ರಿಯಾಸ್ ಶ್ಮಿತ್, ಚೆಸ್ಟರ್ ಬೀಟಿ ಸಂಗ್ರಹದ ಪ್ರತಿಯೊಂದಿಗೆ ಹೋಲಿಸಿ, ಪಿ52ರ ಕಾಲ 170ರ ಸುಮಾರು, ಅತ್ತಿತ್ತ 25 ವರ್ಷ ಎಂದು ಸೂಚಿಸಿದ.

2005ರಲ್ಲಿ ಬ್ರೆಂಟ್ ನೊಂಗ್‌ಬ್ರಿ ಬರೆದ ಲೇಖನ ಚರ್ಚೆಯ ದಿಕ್ಕನ್ನೇ ಬದಲಿಸಿತು. 2ನೆಯ ಶತಮಾನದ ಕೊನೆಯ ಹಾಗೂ 3ನೆಯ ಶತಮಾನದ ಆರಂಭದ ತಾರೀಖುಳ್ಳ ದಾಖಲೆಗಳಲ್ಲಿಯೂ ಪಿ52ರಂಥ ಅಕ್ಷರಗಳಿರುವುದನ್ನು ಆತ ಚಿತ್ರಗಳ ಸಮೇತ ತೋರಿಸಿದ. ಪಿ52 ತಡವಾದದ್ದು ಎಂಬುದು ಆತನ ವಾದವಲ್ಲ. ಅಕ್ಷರಗಳ ಆಕಾರವೊಂದರಿಂದಲೇ ತಡವಾದ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬುದು ಆತ ಹೇಳಿದ್ದು. 2012ರಲ್ಲಿ ಪಾಸ್ಕ್ವಾಲೆ ಒರ್ಸಿನಿ ಮತ್ತು ವಿಲ್ಲಿ ಕ್ಲಾರಿಸ್ಸೆ ಆರಂಭಕಾಲದ ಹೊಸ ಒಡಂಬಡಿಕೆಯ ಪ್ರತಿಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಪಿ52ಕ್ಕೆ 125ರಿಂದ 175ರವರೆಗಿನ ಅವಧಿ ಕೊಟ್ಟರು. ಒಟ್ಟಿನಲ್ಲಿ 2ನೆಯ ಶತಮಾನದ ಪ್ರತಿ ಎಂಬುದು ಇಂದು ಹೆಚ್ಚಿನವರ ನಿಲುವು. 3ನೆಯ ಶತಮಾನದ ಆರಂಭದ ಸಾಧ್ಯತೆಯನ್ನೂ ಕೆಲವರು ತೆರೆದಿಟ್ಟಿದ್ದಾರೆ.

ಈ ಸಡಿಲಿಕೆಗೆ ತಕ್ಕ ಕಾರಣವಿದೆ. ಒಬ್ಬ ಲಿಪಿಕಾರ ಎಳವೆಯಲ್ಲಿ ಕಲಿತ ಅಕ್ಷರವನ್ನೇ 30–40 ವರ್ಷ ಬರೆಯುತ್ತಾನೆ. ಗುರುವಿನಿಂದ ಶಿಷ್ಯನಿಗೆ ಬಂದ ಶೈಲಿ ಇನ್ನೂ ಮುಂದುವರಿಯುತ್ತದೆ. ಹೀಗಿರುವಾಗ ಅಕ್ಷರದ ಆಕಾರ ನೋಡಿ ಹತ್ತಿಪ್ಪತ್ತು ವರ್ಷದ ಒಳಗಿನ ಕಾಲ ಹೇಳಲಾಗದು. ಇಂಗಾಲದ ಪರೀಕ್ಷೆಗೂ ಮಿತಿಗಳಿವೆ. ಅದು ಗಿಡ ಕಡಿದ ಕಾಲವನ್ನು ಹಲವು ದಶಕಗಳ ವ್ಯಾಪ್ತಿಯಲ್ಲಿ ಹೇಳುತ್ತದೆ, ಬರೆದ ವರ್ಷವನ್ನಲ್ಲ. ಜೊತೆಗೆ ವಸ್ತುವಿನ ಸ್ವಲ್ಪ ಭಾಗವನ್ನು ಸುಡಲೇಬೇಕು.

ಸುವಾರ್ತೆಯ ಕಾಲದ ಚರ್ಚೆಯಲ್ಲಿ

19ನೆಯ ಶತಮಾನದಲ್ಲಿ ಜರ್ಮನಿಯ ಟ್ಯೂಬಿಂಗನ್ ಪಂಥದ ಮುಖ್ಯಸ್ಥ ಫರ್ಡಿನಂಡ್ ಕ್ರಿಸ್ಟಿಯಾನ್ ಬೌರ್ (1792–1860), ಯೋಹಾನನ ಸುವಾರ್ತೆ 2ನೆಯ ಶತಮಾನದ ಉತ್ತರಾರ್ಧದಲ್ಲಿ ರಚಿತವಾಯಿತೆಂದು ವಾದಿಸಿದ್ದ. ಪಿ52 ಬೆಳಕಿಗೆ ಬಂದಾಗ ಆ ವಾದಕ್ಕೆ ಇದೇ ಉತ್ತರವೆಂದು ಅನೇಕರು ಸಂತೋಷಪಟ್ಟರು. 125ರ ಹೊತ್ತಿಗೆ ಈಜಿಪ್ಟಿನ ಒಳನಾಡಿನಲ್ಲಿ ಪ್ರತಿಯೊಂದು ಓಡಾಡುತ್ತಿದ್ದರೆ, ಸುವಾರ್ತೆ ಅದಕ್ಕೂ ಮೊದಲೇ ಬೇರೆಡೆ ರಚಿತವಾಗಿ ಅಲ್ಲಿಗೆ ತಲುಪಿರಬೇಕು ಎಂಬುದು ತರ್ಕ. ತರ್ಕ ಸರಿಯೇ. ಅದರ ಬಲ ಮಾತ್ರ ಪೂರ್ತಿ 125 ಎಂಬ ಸಂಖ್ಯೆಯ ಮೇಲೆ ನಿಂತಿದೆ. ಪ್ರತಿ 175ರ ಆಸುಪಾಸಿನದಾಗಿದ್ದರೆ ಅದು ಹೊಸದಾಗಿ ಹೇಳುವುದು ಕಡಿಮೆ. ಏಕೆಂದರೆ ಲಿಯೋನ್ ನಗರದ ಐರೇನಿಯಸ್ ಸುಮಾರು 180ರಲ್ಲಿಯೇ ಈ ಸುವಾರ್ತೆಯನ್ನು ಹೆಸರಿಸಿ ಬಳಸಿದ್ದಾನೆ.

ಸುವಾರ್ತೆ 1ನೆಯ ಶತಮಾನದ ಕೊನೆಗೆ, 90–100ರ ಸುಮಾರಿಗೆ ರೂಪುಗೊಂಡಿತೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಗ್ರಂಥದ ಒಳಗಿನ ಸಾಕ್ಷ್ಯ ಮತ್ತು ಆರಂಭಕಾಲದ ಬರಹಗಾರರ ಬಳಕೆಯ ಆಧಾರವಿದೆ. ಪಿ52 ಅದಕ್ಕೆ ಪೂರಕ, ಅದರ ಅಡಿಗಲ್ಲಲ್ಲ. ತುಣುಕಿನ ಮೇಲೆ ಅದು ಹೊರಲಾರದ ಭಾರ ಹೇರಿದಾಗಲೆಲ್ಲ ನಷ್ಟವಾದದ್ದು ತುಣುಕಿನ ಹೆಸರಿಗೇ.

ಪಠ್ಯ ವಿಮರ್ಶೆಯಲ್ಲಿ

ಹೊಸ ಒಡಂಬಡಿಕೆಯ ಪಪೈರಸ್‌ಗಳಿಗೆ ಸಂಖ್ಯೆ ಕೊಡುವ ಕ್ರಮವನ್ನು 1908ರಲ್ಲಿ ಕ್ಯಾಸ್ಪರ್ ರೆನೆ ಗ್ರೆಗರಿ ರೂಪಿಸಿದ. ಕುರ್ಟ್ ಆಲಂಡ್ 1959ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆ ಅದನ್ನು ಮುಂದುವರಿಸಿದೆ. ಪಟ್ಟಿಯಲ್ಲಿ ಈಗ 130ಕ್ಕೂ ಹೆಚ್ಚು ಪಪೈರಸ್‌ಗಳಿವೆ. ಪಿ52ರ ಪಠ್ಯ ಬಹಳ ಚಿಕ್ಕದು. ಬಿಟ್ಟುಹೋದ ಜೋಡಿಪದ ಮತ್ತು ಕಾಗುಣಿತದ ಸಣ್ಣ ವ್ಯತ್ಯಾಸಗಳನ್ನು ಬಿಟ್ಟರೆ, ಮುಂದಿನ ಶತಮಾನಗಳ ಒಳ್ಳೆಯ ಪ್ರತಿಗಳಲ್ಲಿರುವ ಪಠ್ಯವೇ ಇಲ್ಲಿಯೂ ಇದೆ. ಈ ಐದು ವಚನಗಳ ಮಟ್ಟಿಗೆ ಪಠ್ಯ ಸ್ಥಿರವಾಗಿತ್ತೆಂದು ಇದರಿಂದ ಹೇಳಬಹುದು. ಇಡೀ ಸುವಾರ್ತೆಯ ಬಗ್ಗೆ ಹಾಗೆ ಹೇಳಲು ಇಷ್ಟು ಸಾಕ್ಷ್ಯ ಸಾಲದು.

ಜೊತೆಯ ಪಪೈರಸ್‌ಗಳು

ಪಿ52 ಒಂಟಿಯಲ್ಲ. ಆಕ್ಸಿರಿಂಕಸ್‌ನಲ್ಲಿ ದೊರೆತ ಪಿ90 ಕೂಡ ಯೋಹಾನನ 18ನೆಯ ಅಧ್ಯಾಯದ 36ನೆಯ ವಚನದಿಂದ ಮುಂದಿನ ಭಾಗವನ್ನು ಉಳಿಸಿಕೊಂಡಿದೆ. ಅಂದರೆ ಪಿ52ರ ಹಿಂಬದಿಯ ವಚನಗಳಿಗೆ ಅದು ಎರಡನೆಯ ಸಾಕ್ಷಿ. ಅಲ್ಲಿಯದೇ ಆದ ಪಿ104ರಲ್ಲಿ ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯದ ಚೂರುಗಳಿವೆ. ಎರಡನ್ನೂ ಸಾಮಾನ್ಯವಾಗಿ 2ನೆಯ ಶತಮಾನದವೆಂದು ಎಣಿಸುತ್ತಾರೆ. ಬೋಡ್ಮರ್ ಸಂಗ್ರಹದ ಪಿ66ರಲ್ಲಿ ಯೋಹಾನನ ಸುವಾರ್ತೆಯ ಬಹುಭಾಗ ಉಳಿದಿದೆ. ಪಿ75ರಲ್ಲಿ ಲೂಕ ಮತ್ತು ಯೋಹಾನರ ಸುವಾರ್ತೆಗಳಿವೆ. ಅದರ ಪಠ್ಯ 4ನೆಯ ಶತಮಾನದ ಚರ್ಮಪತ್ರದ ವ್ಯಾಟಿಕನ್ ಕೋಡೆಕ್ಸಿಗೆ ತುಂಬ ಹತ್ತಿರ. ರೈಲ್ಯಾಂಡ್ಸ್ ಗ್ರಂಥಾಲಯದಲ್ಲೇ ಇರುವ 458ನೆಯ ಪಪೈರಸ್, ಧರ್ಮೋಪದೇಶಕಾಂಡದ ಗ್ರೀಕ್ ಅನುವಾದದ ಕ್ರಿ.ಪೂ. 2ನೆಯ ಶತಮಾನದ ಪ್ರತಿ. ಅದನ್ನೂ ಪ್ರಕಟಿಸಿದವನು ರಾಬರ್ಟ್ಸ್.

ಪಿ52ಕ್ಕಿಂತ ಹಳೆಯದು ಸಿಕ್ಕಿತೆಂಬ ಸುದ್ದಿ ಆಗಾಗ ಹಬ್ಬಿದೆ. 1972ರಲ್ಲಿ ಹೋಸೆ ಓ ಕಲ್ಲಗನ್, ಮೃತಸಮುದ್ರದ ಕುಮ್ರಾನ್ ಗುಹೆಯ ಚೂರೊಂದು ಮಾರ್ಕನ ಸುವಾರ್ತೆಯದೆಂದ. 1990ರ ದಶಕದಲ್ಲಿ ಕಾರ್ಸ್ಟನ್ ಥೀಡೆ, ಆಕ್ಸ್‌ಫರ್ಡಿನ ಮಗ್ದಲೆನ್ ಕಾಲೇಜಿನಲ್ಲಿರುವ ಮತ್ತಾಯನ ಸುವಾರ್ತೆಯ ಚೂರುಗಳು 1ನೆಯ ಶತಮಾನದವೆಂದ. ಎರಡನ್ನೂ ಹೆಚ್ಚಿನ ತಜ್ಞರು ತಿರಸ್ಕರಿಸಿದರು. 2012ರಲ್ಲಿ 1ನೆಯ ಶತಮಾನದ ಮಾರ್ಕನ ಪ್ರತಿಯೊಂದು ದೊರೆತಿದೆಯೆಂಬ ಮಾತು ಅಮೆರಿಕದಲ್ಲಿ ಸಾರ್ವಜನಿಕವಾಗಿ ಕೇಳಿಬಂತು. ಆ ಆಕ್ಸಿರಿಂಕಸ್ ಚೂರು 2018ರಲ್ಲಿ ಪ್ರಕಟವಾದಾಗ ಸಂಪಾದಕರು ಕೊಟ್ಟ ಕಾಲ 2ನೆಯ ಶತಮಾನದ ಕೊನೆ ಅಥವಾ 3ನೆಯದರ ಆರಂಭ. ಅದೀಗ ಪಿ137. ಪ್ರಕಟಣೆಗೆ ಮೊದಲು ವರ್ಷ ಘೋಷಿಸುವುದು, ಒಂದೇ ಬಗೆಯ ಹೋಲಿಕೆಯನ್ನು ಆರಿಸಿಕೊಳ್ಳುವುದು ಇಂಥ ಎಡವಟ್ಟುಗಳ ಮೂಲ.

ಮಹತ್ವ

ಪಿ52ರ ಬೆಲೆ ಒಂದು ವರ್ಷದ ಸಂಖ್ಯೆಯಲ್ಲಿಲ್ಲ. ಅದು ನಿಸ್ಸಂದೇಹವಾಗಿ ತೋರಿಸುವ ಸಂಗತಿಗಳು ಬೇರೆಯೇ ಇವೆ. ಸುವಾರ್ತೆಯನ್ನು ಸುರುಳಿಯಲ್ಲಿ ಬರೆಯದೆ ಕೋಡೆಕ್ಸಿನಲ್ಲಿ ಬರೆದಿದ್ದರು. ಸುತ್ತಲ ಗ್ರೀಕ್ ಸಾಹಿತ್ಯ ಬಹುಮಟ್ಟಿಗೆ ಸುರುಳಿಯಲ್ಲಿದ್ದ ಕಾಲಕ್ಕೆ ಕ್ರೈಸ್ತರು ಪುಸ್ತಕದ ಆಕಾರವನ್ನು ಮೊದಲೇ ಅಪ್ಪಿಕೊಂಡರೆಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ. ಇದೇ ವಿಷಯವನ್ನು ರಾಬರ್ಟ್ಸ್ ಮುಂದೆ ಸ್ಕೀಟ್ ಜೊತೆ ಸೇರಿ 1983ರ ಕೋಡೆಕ್ಸಿನ ಹುಟ್ಟನ್ನು ಕುರಿತ ಗ್ರಂಥದಲ್ಲಿ ವಿಸ್ತರಿಸಿದ. ದಾಖಲೆ ಬರೆಯುವ ಸಾಧಾರಣ ಲಿಪಿಕಾರರು ಶ್ರದ್ಧೆಯಿಂದ ಧರ್ಮಗ್ರಂಥದ ಪ್ರತಿ ಮಾಡುತ್ತಿದ್ದರು, ಶ್ರೀಮಂತರ ಗ್ರಂಥಭಂಡಾರಕ್ಕಾಗಿ ಅಲ್ಲ, ಸಭೆಯಲ್ಲಿ ಓದಿ ಹೇಳುವುದಕ್ಕಾಗಿ ಎಂಬುದನ್ನೂ ಈ ಅಕ್ಷರಗಳು ಸೂಚಿಸುತ್ತವೆ. ಅಂಚು, ಸಾಲು, ಅಕ್ಷರಗಳನ್ನು ಎಣಿಸಿ ಕಳೆದುಹೋದ ಪುಟವನ್ನು ಮತ್ತೆ ಕಟ್ಟುವ ವಿಧಾನವನ್ನು ಹೊಸ ವಿದ್ಯಾರ್ಥಿಗಳಿಗೆ ಕಲಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆಗಳು ಕಡಿಮೆ.

ತುಣುಕನ್ನು ಎರಡು ಗಾಜುಗಳ ನಡುವೆ ಇರಿಸಿರುವುದರಿಂದ ಎರಡೂ ಮುಖಗಳನ್ನು ನೋಡಬಹುದು. ಮ್ಯಾಂಚೆಸ್ಟರಿನ ಡೀನ್ಸ್‌ಗೇಟ್ ಬೀದಿಯಲ್ಲಿರುವ ಗ್ರಂಥಾಲಯದಲ್ಲಿ ಇದನ್ನು ಸಾರ್ವಜನಿಕರ ನೋಟಕ್ಕೆ ಇಟ್ಟಿದ್ದಾರೆ. ವಿಶ್ವವಿದ್ಯಾಲಯ ಒದಗಿಸಿರುವ ಡಿಜಿಟಲ್ ಚಿತ್ರಗಳಿಂದ ದೂರದವರೂ ಅಧ್ಯಯನ ಮಾಡಬಹುದು. ತಾರೀಖುಳ್ಳ ದಾಖಲೆಗಳು ಹೊಸದಾಗಿ ಪ್ರಕಟವಾಗುತ್ತಲೇ ಇರುವುದರಿಂದ ಹೋಲಿಕೆಯ ಸಾಮಗ್ರಿ ಬೆಳೆಯುತ್ತಿದೆ. ಪಿ52ರ ಕಾಲದ ವ್ಯಾಪ್ತಿ ಇನ್ನು ಮುಂದೆ ಕಿರಿದಾಗುವುದಾದರೆ ಅದು ಈ ಹೋಲಿಕೆಗಳ ಎಚ್ಚರದ ಕೆಲಸದಿಂದಲೇ ಆಗಬೇಕು.